ಮಾಲಕರ ಕಟ್ಟೆಯ ಮೇಲೆ ಕೊಟ್ಟ ಉತ್ತರಗಳು

ನಾನು ನಿಂತಿದ್ದದ್ದು ಇಳಕಲ್ಲಿನ ನಮ್ಮ ಓಣಿಯಲ್ಲಿ, ನಲ್ಲಿಯ ಪಕ್ಕದ ವಿದ್ಯುತ್ ಕಂಬಕ್ಕೆ ಬೆನ್ನು ಕೊಟ್ಟು. ಎದುರಿಗೆ ಮಾಲಕರ ಮನೆಯ ಕಟ್ಟೆ. ಕಂಬಕ್ಕೂ ಕಟ್ಟೆಗೂ ನಡುವೆ ಒಂದು ಬಂಡಿ ಹಾಯುವಷ್ಟು ಜಾಗ. ಅಂದು ಯುಗಾದಿ ಅಮಾವಾಸ್ಯೆ. ನಲ್ಲಿಯ ನೀರು ನಿಂತು, ಕೊಡಗಳೆಲ್ಲ ಒಳಗೆ ಹೋಗಿ, ಓಣಿಯ ಒಂದು ಬದಿಗೆ ಇನ್ನೂ ನೆರಳಿದ್ದ ಹೊತ್ತು. ಚುನಾವಣೆ ಘೋಷಣೆಯಾಗಿತ್ತು, ಮತದಾನ ದೂರವಿತ್ತು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಆಮೇಲೆ ಒಬ್ಬ ಹುಡುಗಿಯ ಬಗ್ಗೆ ಒಂದು ತೀರ್ಮಾನವಾಯಿತು: ಅವಳು ನಮ್ಮ ಓಣಿಯಲ್ಲಿ ಯಾರನ್ನೂ ಕೇಳಲಿಲ್ಲ, ಎಲ್ಲೋ ನೆರಳಲ್ಲಿ ಕೂತು ನಮ್ಮೆಲ್ಲರ ಉತ್ತರಗಳನ್ನು ತಾನೇ ತುಂಬಿಕೊಂಡಳು ಎಂದು. ಅವಳು ಬಂದಿದ್ದಳು. ಕೇಳಿದ್ದಳು. ನಾನು ನೋಡಿದ್ದೇನೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಈಗ ಇಳಕಲ್–ಬಾಗಲಕೋಟೆ ದಾರಿ. ಅದಕ್ಕೂ ಮೊದಲು ಕೆಲವು ವರ್ಷ ಬಾದಾಮಿ–ಬಾಗಲಕೋಟೆ ಬಸ್ಸಿನಲ್ಲಿದ್ದೆ. ಆ ಹುಡುಗಿಯ ಪರಿಚಯ ಅಲ್ಲಿಯದು. ಬಾದಾಮಿಯಲ್ಲಿ ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಬಾಗಲಕೋಟೆಯ ಕಾಲೇಜಿಗೆ ಹೋಗುತ್ತಿದ್ದಳು. ಮೊದಲು ಪಾಸು ತೋರಿಸುತ್ತಿದ್ದಳು, ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದ ಮೇಲೆ ಆಧಾರ್ ಕಾರ್ಡು. ಪಾಸು ಮರೆತು ಬಂದ ದಿನ ತಾನಾಗಿಯೇ ಎದ್ದುಬಂದು ಟಿಕೆಟ್ ಕೇಳಿದವಳು. ನನ್ನನ್ನು ಕಾಕಾ ಅನ್ನುತ್ತಿದ್ದಳು. ನನಗೆ ಅವಳ ಬಗ್ಗೆ ಗೊತ್ತಿದ್ದದ್ದು ಇಷ್ಟೇ.

ಆ ದಿನ ಬೆಳಿಗ್ಗೆ ಓಣಿಯ ಮೂಲೆಯಲ್ಲಿ ಅವಳನ್ನು ಕಂಡು ನನಗೆ ಆಶ್ಚರ್ಯವಾಯಿತು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕಂಪನಿಯ ಫೋನು.

“ಏನ್ ತಂಗಿ, ಇಲ್ಲಿ?”

“ಸರ್ವೇ ಕಾಕಾ. ಯಾವ ಪಕ್ಷಕ್ಕ ಓಟ್ ಹಾಕ್ತೀರಿ ಅಂತ ಕೇಳೂದು. ಹುನಗುಂದ ಮುಗಿಸಿ ಬಂದೇನಿ. ಇದನ್ನ ಚೆಂದಂಗ ಮಾಡಿದ್ರ ಎಲೆಕ್ಷನ್ ಆದಮ್ಯಾಲೂ ಇಟ್ಕೋತೀವಿ ಅಂದಾರ.”

ಚೆಂದಾಗಿ ಮಾಡುವುದೆಂದರೆ ಏನೆಂದು ಅವಳೇ ನನಗೆ ತಿಳಿಸಿ ಹೇಳಿದಳು. ಓಣಿಯ ಮೂಲೆಯಿಂದ ಬಲಗೈ ಬದಿಯ ಮನೆಗಳನ್ನು ಹಿಡಿದು ಹೊರಡಬೇಕು. ಒಂದು ಮನೆ ಕೇಳಿ, ಕೆಲವು ಮನೆ ಬಿಟ್ಟು, ಮತ್ತೊಂದಕ್ಕೆ ಹೋಗಬೇಕು. ಆ ಮನೆಯಲ್ಲಿ ಓಟಿದ್ದವರ ಪೈಕಿ ಯಾರ ಹುಟ್ಟಿದ ದಿನ ಈಚೆಗೆ ಆಗಿದೆಯೋ ಅವರನ್ನೇ, ಒಬ್ಬರನ್ನೇ, ಅವರ ಮನೆಯೊಳಗೇ ಕೇಳಬೇಕು. ಚಿಹ್ನೆಗಳ ಚಿತ್ರವಿರುವ ಫೋನನ್ನು ಅವರ ಕೈಗೆ ಕೊಟ್ಟು, ತಾನು ಬೇರೆ ಕಡೆ ನೋಡಬೇಕು, ಅವರೇ ಒತ್ತಬೇಕು. ನಾನು ತಲೆಯಾಡಿಸಿದೆ. ಒಳ್ಳೆಯ ನಿಯಮಗಳು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಆದರೆ ನಮ್ಮ ಓಣಿಯಲ್ಲಿ ಅವು ಬಹಳ ಹೊತ್ತು ಬಾಳಲಿಲ್ಲ.

ನಮ್ಮದು ನೇಕಾರರ ಓಣಿ. ಅಮಾವಾಸ್ಯೆ ಎಂದರೆ ಮಗ್ಗಕ್ಕೆ ರಜೆ. ಬೇರೆ ದಿನವಾಗಿದ್ದರೆ ಅವರೆಲ್ಲ ಕುಣಿಯಲ್ಲಿ ಕಾಲಿಳಿಸಿ ಮಗ್ಗದ ಮುಂದೆ ಕೂತಿರುತ್ತಿದ್ದರು. ಹುಡುಗಿ ಒಬ್ಬೊಬ್ಬರ ಬಳಿ ಹೋಗಿ ಕೇಳಬಹುದಿತ್ತು. ಅಂದು ಎಲ್ಲರೂ ಬಾಗಿಲಲ್ಲೇ ಇದ್ದರು. ಅವಳು ಮೊದಲ ಮನೆ ಕೇಳಿ, ನಡುವಿನ ಮನೆಗಳನ್ನು ಬಿಟ್ಟು ಮುಂದೆ ನಡೆದಳು. ಬಿಟ್ಟ ಮನೆಯ ಹೆಣ್ಣುಮಗಳು ಸುಮ್ಮನಿರಲಿಲ್ಲ.

“ಯವ್ವಾ, ನಮ್ಮನಿ ಯಾಕ ದಾಟಿ ಹೊಂಟಿ? ನಮಗ ಓಟಿಲ್ಲೇನು?”

“ಐತ್ರಿ ಅಕ್ಕಾ. ಕಂಪನಿಯವರು ಹಂಗ ಬಿಟ್ಟ ಬಿಟ್ಟ ಕೇಳ ಅಂದಾರ್ರಿ.”

ಎದುರು ಮನೆಯ ನೇಕಾರ ತನ್ನ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ನನ್ನ ವಾರಿಗೆಯವನು. ಯಾವುದಕ್ಕೂ ಒಂದು ಮಾತು ಸೇರಿಸದೆ ಇರಲಾರ. “ಲಗ್ನದ ಕಾರ್ಡ ಕೊಡಾಕ ಬಂದಾಕಿ ಒಂದ್ ಮನಿಗಿ ಕೊಟ್ಟು ಉಳದವರ್ನ ಬಿಟ್ಟಂಗಾತು ಬಿಡವಾ,” ಅಂದ. “ನಾಳೆ ಇವರು ಮಾತು ಬಿಟ್ರ ಕಂಪನಿಯವರು ಬಂದು ಕೂಡಸ್ತಾರೇನು?”

ಹುಡುಗಿ ನಕ್ಕಳು. ಆದರೆ ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು. ಅದನ್ನು ಮೊದಲು ಕಂಡದ್ದು ಕಂಡಿಕೆ ಸುತ್ತುವ ಆಯಿ. ಓಣಿಯ ಅತಿ ಹಿರಿಯಳು, ಮಗ್ಗದ ಲಾಳಿಗೆ ಬೇಕಾದ ನೂಲನ್ನು ಸುತ್ತುತ್ತಲೇ ಮುದುಕಿಯಾದವಳು. ಅವಳು ಮಾಲಕರ ಕಟ್ಟೆಯ ಅಂಚಿನಲ್ಲಿ ಕೂತಿದ್ದಳು.

“ಬಾಯವ್ವಾ, ಇಲ್ಲಿ ನೆಳ್ಳಾಗ ಕುಂಡ್ರು. ಹೆಣ್ಣ ಹುಡುಗಿನ್ನ ಬಿಸಲಾಗ ಮನಿ ಮನಿ ತಿರಗಸ್ತಾರೇನ? ನಾವ ಬರ್ತೇವಿ ನಿನ್ನ ಕಡೆ.”

“ಹಂಗಲ್ರಿ ಆಯಿ. ಅವರವರ ಮನ್ಯಾಗ ಕೇಳಬೇಕಂತ ಹೇಳ್ಯಾರ್ರಿ.”

“ಹೇಳಿದವರು ಬಿಸಲಾಗ ಬಂದಾರೇನು?”

ಅಷ್ಟರಲ್ಲಿ ಮಾಲಕರ ಮನೆಯಾಕೆ ಒಳಗಿನಿಂದ ಕುರ್ಚಿ ತಂದರು. ಕಿಟಕಿಯಿಂದ ವೈರು ಎಳೆದು ಟೇಬಲ್ ಫ್ಯಾನು ಇಟ್ಟರು. ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಅಮೀನಗಡದ ಕರದಂಟಿನ ಎರಡು ತುಂಡು. ಹುಡುಗಿ ನನ್ನ ಕಡೆ ನೋಡಿದಳು. ಕೊಟ್ಟ ನೀರನ್ನು ಬೇಡ ಅನ್ನಲು ನಮ್ಮ ಸೀಮೆಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಅವಳು ಕೂತಳು.

ಮಾಲಕರು ಎಂದರೆ ಯಾರು ಎಂದು ಹೇಳಬೇಕು. ನೇಕಾರರಿಗೆ ನೂಲು ಕೊಟ್ಟು, ನೇಯ್ದ ಸೀರೆ ತೆಗೆದುಕೊಂಡು, ಕೂಲಿ ಕೊಡುವವರು. ನಮ್ಮ ಓಣಿಯ ಬಹಳಷ್ಟು ಮಗ್ಗಗಳ ಮೇಲೆ ಬಿಗಿದ ಹಾಸುನೂಲು ಅವರದು. ಕೆಟ್ಟವರಲ್ಲ. ಕಾಯಿಲೆಯವರ ಮನೆಗೆ ಹೋಗಿ ಕೂಡುವವರು. ಒಂದು ಪಕ್ಷಕ್ಕೆ ಮೊದಲಿನಿಂದಲೂ ಬೇಕಾದವರು. ಆ ಪಕ್ಷದ ನಾಯಕರ ಜತೆ ನಿಂತು ತೆಗೆಸಿಕೊಂಡ ಫೋಟೋ ಅವರ ಪಡಸಾಲೆಯ ಗೋಡೆಯ ಮೇಲಿದೆ, ಬಾಗಿಲು ತೆರೆದಿದ್ದರೆ ಕಟ್ಟೆಯಿಂದ ಕಾಣುತ್ತದೆ. ಅಂದು ಬಾಗಿಲು ತೆರೆದಿತ್ತು. ಮಾಲಕರು ಒಳಗೆ ಆರಾಮ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಅವರು ಹೊರಗೆ ಬರಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಇದನ್ನೂ ನಾನು ನೋಡಿದ್ದೇನೆ. ಪೇಪರಿನ ಪುಟ ತಿರುವಿದ ಸಪ್ಪಳ ಮಾತ್ರ ಕೇಳುತ್ತಿತ್ತು.

ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕೂತರು. ಹುಡುಗಿ ಕೇಳಿದಳು, “ಮನ್ಯಾಗ ಯಾರ ಹುಟ್ಟಿದ ದಿನ ಈಗ ಆಗೇತ್ರಿ?”

“ಹುಟ್ಟಿದ ದಿನ ಯಾರಿಗಿ ಗೊತ್ತವಾ,” ಅಂದಳು ಆಯಿ. “ನಾ ಹುಟ್ಟಿದಾಗ ಜ್ವಾಳಾ ತೆನಿ ಇದ್ವಂತ.”

ಫೋನನ್ನು ಕೈಗೆ ಕೊಟ್ಟರೆ ಅವರು ವಾಪಸ್ಸು ಅವಳ ಕೈಗೇ ಕೊಡುತ್ತಿದ್ದರು. ನೀನೇ ಒತ್ತವ್ವಾ ಎಂದು, ಬಾಯಿಬಿಟ್ಟು ಹೇಳುತ್ತಿದ್ದರು. ಮೊದಲು ಕೂತವಳು ಮಾಲಕರ ಪಕ್ಷದ ಚಿಹ್ನೆ ಹೇಳಿದಳು. ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನು ಒಳಗೆ ಕೇಳಲಿ ಎನ್ನುವಂತೆ ಸ್ವಲ್ಪ ಗಟ್ಟಿಯಾಗಿ ಹೇಳಿದ. ಬೀಡಿಯ ನೇಕಾರನ ಸರದಿ ಬಂದಾಗ ನಾನು ಕಂಬ ಬಿಟ್ಟು ಒಂದಿಷ್ಟು ಮುಂದೆ ಸರಿದೆ. ಅವನು ಆ ಪಕ್ಷವನ್ನು ಬೈಯದ ದಿನವಿರಲಿಲ್ಲ. ಅವನು ಕೂತು, ನೀರು ಕುಡಿದು, ತುಟಿ ಒರೆಸಿಕೊಂಡು, ಅದೇ ಚಿಹ್ನೆ ಹೇಳಿದ. ಆಯಿ ಕೂಡ ಅದನ್ನೇ ಹೇಳಿದಳು.

ನನ್ನ ಮನೆಯ ಬಗ್ಗೆ ಕೇಳಿದಾಗ, “ನಾನು ಸರ್ಕಾರಿ ನೌಕರ, ನನ್ನ ಬಿಡು ತಂಗಿ. ನಿಮ್ಮ ಕಾಕೂ ಊರಾಗಿಲ್ಲ,” ಅಂದೆ. ನನ್ನ ಹೆಂಡತಿಯನ್ನು ಬೆಳಗಿನ ಮೊದಲ ಬಸ್ಸಿಗೆ ನಾನೇ ಹತ್ತಿಸಿ ಬಂದಿದ್ದೆ. ಅಮಾವಾಸ್ಯೆಯ ಸ್ನಾನಕ್ಕೆಂದು ಕೂಡಲಸಂಗಮಕ್ಕೆ ಹೋಗಿದ್ದಳು. ಹೀಗೆ ನಮ್ಮ ಮನೆಯಿಂದ ಯಾವ ಉತ್ತರವೂ ಹೋಗಲಿಲ್ಲ. ಇದು ಮುಂದೆ ಬೇಕಾಗುತ್ತದೆ.

ಹುಡುಗಿ ಹೋದ ಮೇಲೆ ಪಾನ್ ಅಂಗಡಿಯ ಹತ್ತಿರ ನೇಕಾರನನ್ನು ಹಿಡಿದು ಕೇಳಿದೆ. “ಏನಲೇ, ಯಾವಾಗ ಬದಲಾದಿ?”

“ಎಲ್ಲಿ ಬದಲ್ಯಾಗೇನಿ?”

“ಮತ್ತ ಹಂಗ ಹೇಳಿದೆಲ್ಲ.”

“ಅವರ ಕಟ್ಟಿ ಮ್ಯಾಲ ಕುಂತು, ಅವರ ಮನಿ ನೀರ ಕುಡದು, ಇನ್ನೊಬ್ಬರ ಹೆಸರು ಹ್ಯಾಂಗ ಹೇಳ್ಲಿ? ನಿನಗ ಇಷ್ಟೂ ತಿಳಿಯೂದಿಲ್ಲೇನು?” ಅಂದ. “ಅದು ಕಟ್ಟಿ ಮಾತು. ಓಟು ನನ್ನ ಕಡೆನ ಐತಿ.”

“ಮಾಲಕರ ಅಂಜಿಕೇನು?”

ಅವನು ಸ್ವಲ್ಪ ಯೋಚಿಸಿದ. “ಅಂಜಿಕಿ ಅಲ್ಲ. ಅಂಜಿಕಿ ಇಲ್ಲ ಅಂತನೂ ಅಲ್ಲ. ಬಂದ ಹುಡುಗಿ ಮುಂದ ಮನಿಯವರ ಮಾನಾ ತಗೀಬಾರದು.”

ಅವನ ಮಾತು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಒಳಗೆ ಏನೋ ಕಸಿವಿಸಿ ಶುರುವಾಯಿತು. ಹುಡುಗಿ ಕೇಳಿದ್ದು ನಿಜ, ಅವರು ಹೇಳಿದ್ದು ನಿಜ, ಅವಳು ಹೇಳಿದ್ದನ್ನೇ ಒತ್ತಿದ್ದು ನಿಜ. ಇಷ್ಟೆಲ್ಲ ನಿಜಗಳು ಕೂಡಿದ ಮೇಲೆ ಫೋನಿನೊಳಗೆ ಹೋದದ್ದು ಏನು?

ಕೆಲವು ದಿನಗಳ ನಂತರ ಬಾಗಲಕೋಟೆಯ ನವನಗರದ ನಿಲ್ದಾಣದಲ್ಲಿ ಅವಳು ನನ್ನ ಬಸ್ಸು ಹುಡುಕಿಕೊಂಡು ಬಂದಳು. ಹತ್ತಿ ಕೂರಲಿಲ್ಲ, ಮೆಟ್ಟಿಲ ಹತ್ತಿರ ನಿಂತೇ ಮಾತಾಡಿದಳು.

“ಕಾಕಾ, ನಿಮ್ಮ ಓಣಿದು ಎಲ್ಲಾ ಸುಳ್ಳಂತ.”

ಯಾರೂ ಅವಳನ್ನು ಬೈದಿರಲಿಲ್ಲವಂತೆ. ಫೋನು ತಾನಾಗಿಯೇ ಪ್ರತಿ ಉತ್ತರದ ಜಾಗವನ್ನು ಗುರುತು ಮಾಡಿಕೊಳ್ಳುತ್ತದಂತೆ. ಮೊದಲ ಮನೆಯದೊಂದು ಬಿಟ್ಟರೆ ನಮ್ಮ ಓಣಿಯ ಉತ್ತರಗಳು ಒಂದೇ ಜಾಗದಿಂದ, ಒಂದರ ಬೆನ್ನಿಗೆ ಒಂದು, ಎಲ್ಲವೂ ಒಂದೇ ಚಿಹ್ನೆಗೆ ಹೋಗಿದ್ದವು. ಮನೆ ಮನೆ ತಿರುಗದೆ ಒಂದು ಕಡೆ ಕೂತು ತಾವೇ ತುಂಬುವ ಹುಡುಗರು ಇರುತ್ತಾರಂತೆ. ಅಂಥವರ ಗುರುತೂ ಇದೇ ಅಂತೆ. ಅದಕ್ಕೆ ಮೇಲಿನ ಅಧಿಕಾರಿಯೊಬ್ಬರು ನಮ್ಮ ಓಣಿಗೆ ಬಂದು ಮತ್ತೊಮ್ಮೆ ಕೇಳಿ ನೋಡುವವರಿದ್ದರು.

“ಕಟ್ಟಿ ಮ್ಯಾಲ ಕುಂತಿದ್ದು ಹೇಳಿದೇನು?” ಅಂದೆ.

“ಹೇಳಿದ್ರ ಅದೂ ತಪ್ಪ ಕಾಕಾ. ಮನ್ಯಾಗ ಕೇಳಬೇಕಿತ್ತು.” ಅವಳು ಬಸ್ಸಿನ ಬಾಗಿಲ ಸರಳು ಹಿಡಿದಿದ್ದಳು. “ಕೆಲಸ ಹೋದ್ರ ಹೋಗ್ಲಿ. ಸುಳ್ಳ ತುಂಬಿದಾಕಿ ಅಂತ ಆಗಬಾರದು. ನೀವ ಇದ್ರಿ. ನಾ ಬಂದಿದ್ದೆ, ಕೇಳಿದ್ದೆ, ಅಷ್ಟ ಹೇಳ್ರಿ ಸಾಕು.”

ಹೇಳುತ್ತೇನೆ ಅಂದೆ. ಡ್ರೈವರ್ ಹಾರ್ನ್ ಹಾಕಿದ. ಶಿರೂರು ದಾಟುವವರೆಗೂ ನಾನು ಟಿಕೆಟ್ ಕೊಡುತ್ತ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ: ಬಂದಿದ್ದಳು, ಕೇಳಿದಳು, ಹೇಳಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹೆಂಡತಿ ಆಯಿಗೆ ಹೇಳಿದಳು. ಮರುದಿನ ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಲ್ಲಿಯ ಹತ್ತಿರ ಓಣಿಯೇ ಕೂಡಿತ್ತು.

“ನಮ್ಮ ಓಣಿಗೆ ಬಂದು, ನಮ್ಮ ನೀರ ಕುಡದ ಹುಡುಗಿ ಮಾತು ಸುಳ್ಳಾಗಬಾರದು,” ಅನ್ನುತ್ತಿದ್ದಳು ಆಯಿ. “ಆಕಿಗಿ ಏನ್ ಹೇಳಿದ್ದೆವೋ ಅದನ್ನ ಹೇಳೂದು. ಒಂದಕ್ಷರ ಹೆಚ್ಚು ಕಡಿಮಿ ಆಗಬಾರದು.”

“ಆಯಿ, ಖರೆ ಇದ್ದದ್ದು ಹೇಳ್ರಿ,” ಅಂದೆ ನಾನು. “ಕಟ್ಟಿ ಮ್ಯಾಲ ಕುಂತು ಹೇಳಿದ್ವಿ, ಮಾಲಕರ ಮುಖಾ ನೋಡಿ ಹೇಳಿದ್ವಿ ಅಂತ ಹೇಳ್ರಿ. ಆಗ ಎಲ್ಲಾ ಒಂದ ಯಾಕ ಐತಿ ಅಂತ ಅವರಿಗಿ ತಿಳೀತೈತಿ.”

ಎಲ್ಲರೂ ನನ್ನನ್ನು ನೋಡಿದರು. ಮಾಲಕರ ಮುಖ ನೋಡಿ ಹೇಳಿದೆವು ಎಂಬ ಮಾತನ್ನು ಮಾಲಕರ ಓಣಿಯಲ್ಲೇ ನಿಂತು ಹೊರಗಿನವನಿಗೆ ಹೇಳಬೇಕಿತ್ತು. ನಾನು ಕೇಳುತ್ತಿದ್ದದ್ದು ಅದು. ನನಗೆ ಮಗ್ಗವಿಲ್ಲ, ನನ್ನ ಸಂಬಳ ಬೇರೆ ಕಡೆಯಿಂದ ಬರುತ್ತದೆ.

“ನೀ ಟಿಕೀಟ ಹರಿಯೋದು ನೋಡ್ಕೋ,” ಅಂದ ಬೀಡಿಯ ನೇಕಾರ. ಜನ ನಕ್ಕರು. ನಾನೂ ನಕ್ಕೆ.

ಅಧಿಕಾರಿ ಬಂದದ್ದು ಬಿಸಿಲು ಇಳಿದ ಮೇಲೆ, ನನ್ನ ವಾರದ ರಜೆಯ ದಿನ. ಬೆಂಗಳೂರಿನ ಕಡೆಯವರು, ನಡುವಯಸ್ಸಿನವರು, ಮೆತ್ತಗೆ ಮಾತಾಡುವವರು. ಹುಡುಗಿಯನ್ನು ಓಣಿಯ ಮೂಲೆಯಲ್ಲಿ ಕಾರಿನ ಹತ್ತಿರವೇ ನಿಲ್ಲಿಸಿ ಬಂದಿದ್ದರು. ಮಾಲಕರ ಮನೆಯವರು ಕುರ್ಚಿ ಹಾಕಿದರೆ ಅವರು ಕೈಮುಗಿದು, “ಬೇಡ ತಾಯಿ, ನಾನು ಒಳಗೇ ಹೋಗಿ ಕೇಳ್ತೀನಿ,” ಅಂದರು. ನೀರು ಕುಡಿಯಲಿಲ್ಲ. ಒಂದೊಂದೇ ಮನೆಗೆ ಹೋದರು. ನನ್ನನ್ನು ಜತೆಗೆ ಕರೆದರು. ಮಾತು ಅರ್ಥವಾಗದಿದ್ದರೆ ಹೇಳಿ ಎಂದರು. ನಾನು ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತಿದ್ದೆ.

ಮೊದಲ ಮನೆಯಲ್ಲಿ ಅವರು ನಮಸ್ಕಾರ ಎನ್ನುವುದರೊಳಗೆ ಆ ಹೆಣ್ಣುಮಗಳು ಶುರುಮಾಡಿದಳು. “ಆ ಹುಡುಗಿ ಬಂದಿದ್ಲ್ರಿ, ಭಾಳ ಚೆಂದ ಕೇಳಿದ್ಲ್ರಿ, ನಾ ಇದ ಚಿಹ್ನೆ ಹೇಳಿದ್ದೆ ನೋಡ್ರಿ.” ಅವರಿನ್ನೂ ಏನೂ ಕೇಳಿರಲಿಲ್ಲ. ಮುಂದಿನ ಮನೆಯಲ್ಲಿಯೂ ಇದೇ ಮಾತು, ಇದೇ ಕ್ರಮದಲ್ಲಿ. ನೇಕಾರ ಮಗ್ಗದಿಂದ ಏಳದೆ, ಲಾಳಿ ಎಸೆಯುತ್ತಲೇ ಹೇಳಿದ: ಬಂದಿದ್ಲ್ರಿ, ಭಾಳ ಚೆಂದ ಕೇಳಿದ್ಲ್ರಿ. ಆಯಿಗೆ ಮಾತು ಮರೆತು ಹೋಗಿ, ಸೊಸೆಯ ಕಡೆ ತಿರುಗಿ, “ಮುಂದ ಏನಿತ್ತಬೇ?” ಅಂದಳು.

ಅಧಿಕಾರಿ ಫೋನಿನಲ್ಲಿ ನೋಡಿಕೊಳ್ಳುತ್ತ ಹೋದರು. ಅವರ ನಡಿಗೆ ನಿಧಾನವಾಗುತ್ತಿತ್ತು. ಹುಡುಗಿಯನ್ನು ಉಳಿಸಲೆಂದು ಓಣಿ ಹೇಳುತ್ತಿದ್ದ ಒಂದೊಂದು ಮಾತೂ ಅವಳನ್ನು ಇನ್ನಷ್ಟು ಕೆಳಗೆ ತಳ್ಳುತ್ತಿತ್ತು. ಅದು ಓಣಿಯವರಿಗೆ ಕಾಣುತ್ತಿರಲಿಲ್ಲ.

ನಮ್ಮ ಮನೆ ಅಧಿಕಾರಿಯ ಲೆಕ್ಕದಲ್ಲಿರಲಿಲ್ಲ. ದಾಟಿ ಹೋಗುತ್ತಿದ್ದರು. ನನ್ನ ಹೆಂಡತಿ ಬಾಗಿಲಿಗೆ ಬಂದು ತಾನೇ ಕರೆದಳು.

“ಸಾಹೇಬ್ರ, ನನ್ನೂ ಕೇಳಿದ್ಲ್ರಿ ಆ ಹುಡುಗಿ. ಭಾಳ ಚೆಂದ ಕೇಳಿದ್ಲು.”

ಅವರು ನಿಂತರು. ಫೋನು ನೋಡಿದರು. “ನಿಮ್ಮ ಮನೆ ಇದರಲ್ಲಿ ಇಲ್ವಲ್ಲ ತಾಯಿ.”

“ಇಲ್ಲಂದ್ರ ಅದು ಮರತಿರಬೇಕ್ರಿ. ನಾ ಇಲ್ಲೇ ಇದ್ದೆ, ಕಟ್ಟಿ ಮ್ಯಾಲ ಕುಂತು ಹೇಳೇನಿ.”

ಅವರು ನನ್ನ ಕಡೆ ತಿರುಗಿದರು. “ಸಾರ್, ಇವರನ್ನ ಅವಳು ಕೇಳಿದ್ದು ನೀವು ನೋಡಿದ್ರಾ?”

ನಾನು ಎಲ್ಲಿ ನಿಂತಿದ್ದೆ ಎಂದು ಇದಕ್ಕೂ ಹೇಳುತ್ತೇನೆ. ನಮ್ಮ ಮನೆಯ ಮೆಟ್ಟಿಲ ಕೆಳಗೆ, ಹೆಂಡತಿಯ ಬಲಕ್ಕೆ, ಅವಳ ಕೈ ನನಗೆ ಮುಟ್ಟುವಷ್ಟು ಹತ್ತಿರ. ಓಣಿಯ ಕೊನೆಯಲ್ಲಿ ಕಾರಿನ ಬಳಿ ಹುಡುಗಿ ಕಾಣುತ್ತಿದ್ದಳು. ಹೌದು ಅಂದರೆ ಒಂದು ಸುಳ್ಳಿಗೆ ಸಾಕ್ಷಿ ಹೇಳಿದಂತೆ, ಆಮೇಲೆ ನನ್ನ ಉಳಿದ ಯಾವ ಮಾತಿಗೂ ಬೆಲೆಯಿರುವುದಿಲ್ಲ. ಇಲ್ಲ ಅಂದರೆ ಹೆಂಡತಿಯ ಜತೆ ಇಡೀ ಓಣಿ ಸುಳ್ಳಾಗುತ್ತದೆ. ಹಾಗೆ ಅಂದುಕೊಂಡೆನೋ, ಅಥವಾ ಆಮೇಲೆ ಹಾಗೆ ಜೋಡಿಸಿಕೊಂಡಿದ್ದೇನೋ, ಖಚಿತವಾಗಿ ಹೇಳಲಾರೆ.

“ಇಲ್ರಿ,” ಅಂದೆ. “ಆ ದಿನ ಈಕಿ ಕೂಡಲಸಂಗಮಕ್ಕ ಹೋಗಿದ್ಲು. ನಾನ ಬಸ್ಸಿಗೆ ಹತ್ತಿಸಿದ್ದೆ. ಆದ್ರ ಉಳದವರನ್ನ ಕೇಳಿದ್ದು ನಾ ನೋಡೇನ್ರಿ. ಎಲ್ಲಾರೂ ಆ ಕಟ್ಟಿ ಮ್ಯಾಲ ಕುಂತು ಹೇಳಿದ್ರು. ಅದಕ್ಕ ಜಾಗಾ ಒಂದ ಬಂದೈತಿ. ಮಾಲಕರ ಮನಿ ಮುಂದ ಅಂತ ಹಂಗ ಹೇಳ್ಯಾರು. ಅದಕ್ಕ ಉತ್ತರಾನೂ ಒಂದ ಬಂದೈತಿ.”

ನಾನು ಹೇಳಿದ್ದು ಇಷ್ಟು. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ಸಾರ್, ನಿಮ್ಮ ಮಾತು ನಂಬ್ತೀನಿ,” ಅಂದರು. “ಆದ್ರೆ ನೋಡಿ, ಊರಲ್ಲೇ ಇಲ್ಲದೇ ಇದ್ದವರು ಇದ್ದೆ ಅಂತಿದ್ದಾರೆ. ಎಲ್ಲರೂ ಕಲಿಸಿಕೊಟ್ಟ ಹಾಗೆ ಹೇಳ್ತಿದ್ದಾರೆ. ಯಾರನ್ನ ಬಿಡಲಿ, ಯಾರನ್ನ ಇಟ್ಕೊಳ್ಳಲಿ? ನೀವು ಹೇಳಿದ್ದೇ ನಿಜ ಅಂದ್ರೂ ಆ ಉತ್ತರಗಳು ನನಗೆ ಉಪಯೋಗಕ್ಕೆ ಬರೋದಿಲ್ಲ.”

“ಉಪಯೋಗ ಬ್ಯಾಡ್ರಿ. ಹುಡುಗಿ ತುಂಬಿಲ್ಲ ಅಂತ ಬರೀರಿ.”

“ನನ್ನ ಫೋನಲ್ಲಿ ಅದಕ್ಕೆ ಜಾಗ ಇಲ್ಲ ಸಾರ್. ಸರಿ ಅಥವಾ ನಕಲಿ, ಎರಡೇ ಇರೋದು.”

ಅವರು ಕಾರಿನ ಕಡೆ ನಡೆದರು. ಹುಡುಗಿಗೆ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅವಳು ಕೊರಳಿನ ಚೀಟಿ ತೆಗೆದು ಅವರ ಕೈಗೆ ಕೊಟ್ಟದ್ದನ್ನು ಮಾತ್ರ ನೋಡಿದೆ.

ಹೆಂಡತಿ ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಅಷ್ಟೆ. ಒಮ್ಮೆ ರೊಟ್ಟಿ ಹಾಕುತ್ತ ಹೇಳಿದಳು, “ನನ್ನ ಸುಳ್ಳಿಗಿ ಆಕಿ ಉಳೀತಿದ್ಲು. ನಿಮ್ಮ ಖರೇಕ ಹೋದ್ಲು.” ನಿನ್ನ ಸುಳ್ಳಿಗೇ ಹೋದಳು ಎಂದು ನಾನು ಹೇಳಬಹುದಿತ್ತು. ಅದೂ ಪೂರ್ತಿ ಸರಿಯಲ್ಲ ಎಂದು ಸುಮ್ಮನಾದೆ.

ಮಾಲಕರೂ ಒಂದು ದಿನ ಕರೆದರು. ಕಟ್ಟೆಯ ಮೇಲೆ ಕೂಡಿಸಿಕೊಂಡು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು. “ನಾ ಯಾರಿಗರೆ ಹಿಂಗ ಹೇಳ್ರಿ ಅಂದಿದ್ನೇನು?”

“ಇಲ್ರಿ ಮಾಲಕರ. ನೀವು ಪೇಪರ್ ಓದ್ತಿದ್ರಿ.”

“ಮತ್ತ ಅವರ ಮನಸಿನ್ಯಾಗ ಏನೈತಿ?”

“ನನಗ ಗೊತ್ತಿಲ್ರಿ.”

ನೇಕಾರನ ಮಾತು ಗೊತ್ತಿತ್ತು. ಆದರೆ ಅದು ಪಾನ್ ಅಂಗಡಿಯ ಹತ್ತಿರ ನನಗೆ ಹೇಳಿದ್ದು. ನನ್ನ ಮುಖ ನೋಡಿ ಅವನು ಬೇರೆ ಹೇಳಿರಬಹುದು ಎಂಬ ಅನುಮಾನ ಆಗ ಮೊದಲ ಸಲ ಬಂತು. ನಾನು ಯಾವ ಕಡೆಯವನು ಎಂಬುದು ಓಣಿಗೆ ಗೊತ್ತಿಲ್ಲದ ವಿಷಯವಲ್ಲ. ಹಾಗಾದರೆ ಅವನ ನಿಜವಾದ ಉತ್ತರವನ್ನು ಕೇಳಿದವರು ಯಾರು? ಮಾಲಕರು ಖಾಲಿ ಓಣಿಯನ್ನು ನೋಡುತ್ತ ಕೂತಿದ್ದರು. ಇಷ್ಟು ವರ್ಷ ತಮಗೆ ಹೌದು ಅಂದವರೆಲ್ಲ ಯಾಕೆ ಹೌದು ಅಂದರೋ ಎಂದು ಲೆಕ್ಕ ಹಾಕುತ್ತಿದ್ದಂತೆ ಕಂಡರು. ಇದು ನನ್ನ ಊಹೆ.

ಸಮೀಕ್ಷೆಯ ಫಲ ಟೀವಿಯಲ್ಲಿ ಬಂದ ದಿನ ನಮ್ಮ ಬಸ್ಸು ಅಮೀನಗಡದಲ್ಲಿ ಚಹಾಕ್ಕೆ ನಿಂತಿತ್ತು. ಹೋಟೆಲಿನ ಗೋಡೆಯ ಮೇಲೆ ಟೀವಿ. ಬಣ್ಣದ ಪಟ್ಟಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ನಮ್ಮ ಭಾಗದಲ್ಲಿ ಮಾಲಕರ ಪಕ್ಷವೇ ಮುಂದೆ ಎಂದು ತೋರಿಸಿದರು. ಪ್ರಯಾಣಿಕರಲ್ಲಿ ಒಬ್ಬ, “ಇವೆಲ್ಲಾ ರೊಕ್ಕಾ ಕೊಟ್ಟು ಹಾಕ್ಸಿದ್ದು,” ಅಂದ. ಇನ್ನೊಬ್ಬ, “ಯಾರಲೇ ಅಂದಾಂವ, ನಮ್ಮ ಓಣ್ಯಾಗ ಬಂದು ಕೇಳ್ಯಾರ,” ಅಂದ. ಇಬ್ಬರೂ ಜಗಳಕ್ಕೆ ಬಿದ್ದರು. ಚಹಾ ನನ್ನ ಕೈಯಲ್ಲೇ ಆರಿತು. ರೊಕ್ಕ ಕೊಟ್ಟು ಹಾಕಿಸುವವರು ಇರಬಹುದು, ನಾನು ನೋಡಿಲ್ಲ. ನಾನು ನೋಡಿದ್ದು ಒಂದು ತಂಬಿಗೆ ನೀರು. ಆ ಪಟ್ಟಿಗಳ ಹಿಂದೆ ಇನ್ನೆಷ್ಟು ಊರಿನ ಎಷ್ಟು ಕಟ್ಟೆಗಳಿವೆಯೋ, ಯಾವ ಕಟ್ಟೆಯ ಒಳಗೆ ಯಾರು ಪೇಪರು ಓದುತ್ತ ಕೂತಿದ್ದರೋ ಎಂದು ಯೋಚಿಸುತ್ತ, ಸೀಟಿ ಊದುವುದನ್ನು ಮರೆತೆ. ಡ್ರೈವರನೇ ಕರೆದ.

ಎಣಿಕೆಯಾದಾಗ ಟೀವಿಯವರು ಹೇಳಿದಂತೆಯೇ ಆಯಿತು. ಹೇಳಿದ ಪಕ್ಷವೇ ಗೆದ್ದಿತು. ತಪ್ಪಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ನೋಡಿರಿ, ಹೀಗೆ ಕೇಳಿದರೆ ಹೀಗೇ ಆಗುತ್ತದೆ ಎಂದು ಹೇಳಬಹುದಿತ್ತು. ನಮ್ಮ ಓಣಿಯ ಉತ್ತರಗಳನ್ನು ತೆಗೆದು ಎಸೆದರೂ ಫಲ ಸರಿಬಂತು. ಎಸೆಯದಿದ್ದರೂ ಸರಿಯೇ ಬರುತ್ತಿತ್ತು, ಯಾಕೆಂದರೆ ಅವೂ ಅದನ್ನೇ ಹೇಳಿದ್ದವು. ಮತಗಟ್ಟೆಯಲ್ಲಿ ನೇಕಾರ ಒತ್ತಿದ್ದು ಯಾವುದು, ಆಯಿ ಒತ್ತಿದ್ದು ಯಾವುದು, ಇದು ಯಾರಿಗೂ ತಿಳಿಯುವುದಿಲ್ಲ, ತಿಳಿಯಲೂ ಬಾರದು. ಬಸ್ಸು ಹೊತ್ತಿಗೆ ಸರಿಯಾಗಿ ಊರು ಮುಟ್ಟಿತು ಅಂದ ಮಾತ್ರಕ್ಕೆ ಅದರ ಬ್ರೇಕು ಸರಿಯಿತ್ತು ಎಂದು ನಮ್ಮ ಡಿಪೋದಲ್ಲಿ ಯಾರೂ ಒಪ್ಪುವುದಿಲ್ಲ. ಟೀವಿಯ ಮುಂದೆ ಕೂತವರು ಒಪ್ಪಿದರು.

ಹುಡುಗಿಯನ್ನು ಮತ್ತೆ ಕಂಡದ್ದು ಬಾದಾಮಿಯಲ್ಲಿ. ರಜೆಯ ಮೇಲಿದ್ದ ಕಂಡಕ್ಟರ್ ಬದಲಿಗೆ ನಾನು ಹೋಗಿದ್ದೆ. ಹತ್ತಿದಳು, ಆಧಾರ್ ಕಾರ್ಡು ತೋರಿಸಿದಳು, ಅದೇ ಸೀಟಿನಲ್ಲಿ ಕೂತಳು. ಟಿಕೆಟ್ ಕೊಟ್ಟ ಮೇಲೂ ನಾನು ಅಲ್ಲೇ ನಿಂತೆ.

“ಬಾಗಲಕೋಟಿಗಿ ಇನ್ನೊಂದು ಸರ್ವೇ ಕಂಪನಿ ಬಂದಿತ್ತು ಕಾಕಾ,” ಅಂದಳು. “ಹೋಗಿ ಕೇಳಿದೆ. ಎಲ್ಲಾ ಕಂಪನಿದೂ ಒಂದ ಪಟ್ಟಿ ಅಂತ. ಕಂಪ್ಯೂಟರಿನ್ಯಾಗ ನನ್ನ ಹೆಸರು ಹೊಡದ ಕೂಡ್ಲೆ ನಕಲಿ ಅಂತ ಬಂತು. ಬ್ಯಾಡ ಅಂದ್ರು.”

“ನಾ ಹೇಳಿದ್ದೆ ತಂಗಿ. ಎಲ್ಲಾ ಹೇಳಿದ್ದೆ.”

“ಗೊತ್ತ ಕಾಕಾ. ನೀವು ಇದ್ದದ್ದ ಹೇಳಿದ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಿಟಕಿಯ ಹೊರಗೆ ನೋಡಿದಳು. “ಕಾಕೂಗೂ ಬೈಬ್ಯಾಡ್ರಿ. ನನ್ನ ಸಲುವಾಗಿ ಹೇಳ್ಯಾರ. ಒಂದ್ ಚಿಂತಿ ಅಂದ್ರ, ಇನ್ನ ಸ್ವಲ್ಪ ವರ್ಷ ಹೋದ್ರ ನಾ ಬಂದಿದ್ದೆ ಅನ್ನೋದು ನನಗ ಒಬ್ಬಾಕಿಗಿ ಗೊತ್ತಿರತೈತಿ.”

ಹಾಗಾಗಬಾರದು ಎಂದು ಇದನ್ನು ಬರೆದಿದ್ದೇನೆ. ಅವರು ಮನಸ್ಸಿನಲ್ಲಿದ್ದದ್ದನ್ನೇ ಹೇಳಿದರು ಎಂದು ನಾನು ಹೇಳಲಾರೆ. ಅವಳು ಬಂದಳು, ಕೇಳಿದಳು, ಅವರು ಹೇಳಿದ್ದನ್ನೇ ಒತ್ತಿದಳು ಎಂದು ಹೇಳಬಲ್ಲೆ. ನೋಡಿದವರು ನಾನೊಬ್ಬನೇ ಅಲ್ಲ. ಕುರ್ಚಿ ತಂದಿಟ್ಟ ಮಾಲಕರ ಮನೆಯಾಕೆ ಇದ್ದಾರೆ. ಒಳಗೆ ಪೇಪರು ಓದುತ್ತಿದ್ದ ಮಾಲಕರು ಇದ್ದಾರೆ. ಈಗ ಕಿವಿ ಮಂದ, ಅಂದು ಚೆನ್ನಾಗಿ ಕೇಳುತ್ತಿತ್ತು. ತನ್ನ ಮನೆ ಯಾಕೆ ಬಿಟ್ಟೆ ಎಂದು ಕೇಳಿದ ಹೆಣ್ಣುಮಗಳು ಇದ್ದಾಳೆ. ಬೀಡಿಯ ನೇಕಾರ ಇದ್ದಾನೆ, ಅದೇ ಬಾಗಿಲಲ್ಲಿ ಕೂಡುತ್ತಾನೆ. ಅವಳನ್ನು ನೆರಳಿಗೆ ಕರೆದ ಆಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ನನ್ನ ಹೆಂಡತಿ ಇದ್ದಾಳೆ, ಆದರೆ ಅವಳು ಅಂದು ಓಣಿಯಲ್ಲಿರಲಿಲ್ಲ.